ಅಕ್ಕಮಹಾದೇವಿ

12ನೆಯ ಶತಮಾನದ ಶಿವಶರಣೆ, ವಚನಕಾರ್ತಿ. ಬಸವಣ್ಣ, ಅಲ್ಲಮಪ್ರಭುಗಳ ಸಮಕಾಲೀನಳು. ಹುಟ್ಟೂರು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಉಡುತಡಿ. ವಚನಗಳ ಅಂಕಿತ ಚೆನ್ನಮಲ್ಲಿಕಾರ್ಜುನ.

ಜೀವನ: ಈಕೆಯ ಬದುಕನ್ನು ಮೊದಲು ಕಾವ್ಯಕ್ಕೆ ತಂದವನು ಹಂಪೆಯ ಹರಿಹರ. ಆತನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಅರಸ ಕೌಶಿಕ ಮಹಾದೇವಿಯನ್ನು ಕಂಡು ಮೋಹಿಸುತ್ತಾನೆ. ಶಿವಪೂಜೆಗೂ ಶರಣರ ಸಂಗಕ್ಕೂ ಅಡ್ಡಿಪಡಿಸಬಾರದೆಂಬ ಷರತ್ತಿನ ಮೇಲೆ ಆಕೆ ಮದುವೆಗೆ ಒಪ್ಪುತ್ತಾಳೆ. ಕೌಶಿಕ ಮೂರು ಬಾರಿ ಮಾತಿಗೆ ತಪ್ಪಿದಾಗ ಅರಮನೆ ತೊರೆದು ನೇರವಾಗಿ ಶ್ರೀಶೈಲದ ದಾರಿ ಹಿಡಿಯುತ್ತಾಳೆ. 15ನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಈ ಮದುವೆಯನ್ನೇ ಒಪ್ಪುವುದಿಲ್ಲ.

ಆಕೆ ಬಸವಣ್ಣ ಮೊದಲಾದ ಶರಣರಿದ್ದ ಕಲ್ಯಾಣಕ್ಕೆ ಬಂದ ಪ್ರಸಂಗ ವಿಸ್ತಾರವಾಗಿ ಬರುವುದು ‘ಶೂನ್ಯಸಂಪಾದನೆ’ಯಲ್ಲಿ. ಉಡುಗೆ ತೊರೆದು ಬಂದವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎಂದು ಅಲ್ಲಮ ತುಂಬಿದ ಸಭೆಯಲ್ಲೇ ಕೇಳುತ್ತಾನೆ. ಆಕೆ ತಡವರಿಸದೆ ಮರುನುಡಿಯುತ್ತಾಳೆ. ಕೊನೆಗೆ ಶರಣರೆಲ್ಲ ತಲೆಬಾಗುತ್ತಾರೆ. ಶ್ರೀಶೈಲದ ಕದಳಿಯಲ್ಲಿ ಆಕೆ ಐಕ್ಯಳಾದಳೆಂಬುದು ಭಕ್ತರ ನಂಬಿಕೆ.

ಕೃತಿಗಳು: ನಾನೂರಕ್ಕೂ ಹೆಚ್ಚು ವಚನಗಳು ದೊರೆತಿವೆ. ತ್ರಿಪದಿಯಲ್ಲಿರುವ ‘ಯೋಗಾಂಗ ತ್ರಿವಿಧಿ’ಯೂ ಈಕೆಯದೇ ಎನ್ನುತ್ತಾರೆ. ಚೆನ್ನಮಲ್ಲಿಕಾರ್ಜುನನೊಬ್ಬನೇ ಗಂಡ, ಲೋಕದ ಗಂಡರು ಅಳಿದುಹೋಗುವವರು ಎಂಬ ನಿಲುವು ಇವುಗಳ ಜೀವಾಳ. ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ನಿಲ್ಲಿಸಿ ಅವನನ್ನು ಕಂಡಿರಾ ಎಂದು ಕೇಳುವ ವಚನದಲ್ಲಿ ವಿರಹವೇ ಭಕ್ತಿಯಾಗುತ್ತದೆ. ಹಸಿವು, ನಿದ್ದೆ, ಮೈಯ ಕಾಮನೆಗಳನ್ನು ಹೆಸರಿಟ್ಟು ಕರೆದು ಮಾತಾಡಿಸುವ ಧೈರ್ಯ ಆ ಕಾಲದ ಕನ್ನಡದಲ್ಲಿ ಅಪರೂಪ.

ಪ್ರಭಾವ: ತಾಳೆಗರಿಗಳಲ್ಲಿ ಉಳಿದಿದ್ದ ವಚನಗಳನ್ನು ಹುಡುಕಿ ಅಚ್ಚಿಗೆ ತಂದವರಲ್ಲಿ ಫ. ಗು. ಹಳಕಟ್ಟಿ ಪ್ರಮುಖರು, ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ಬಂತು. ಎಚ್. ತಿಪ್ಪೇರುದ್ರಸ್ವಾಮಿ ‘ಕದಳಿಯ ಕರ್ಪೂರ’ ಕಾದಂಬರಿ ಬರೆದರು. ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಅಕ್ಕನ ವಚನಗಳು ಸಂಗೀತ ಕಛೇರಿಗೆ ಬಂದವು. 1973ರಲ್ಲಿ ಎ. ಕೆ. ರಾಮಾನುಜನ್ ಅವರ ಅನುವಾದದಿಂದ ಇಂಗ್ಲಿಷ್ ಓದುಗರಿಗೂ ಈಕೆ ಪರಿಚಿತಳಾದಳು. ಊರೂರುಗಳಲ್ಲಿ ಅಕ್ಕನ ಬಳಗಗಳಿವೆ. ದವನದ ಹುಣ್ಣಿಮೆಯಂದು ಜಯಂತಿ ನಡೆಯುತ್ತದೆ. ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರಿಡಲಾಯಿತು.