ರಾಜ್ಯ ಕಳೆದವನ ಕುದುರೆ ಸವಾರಿ: ಇಂದ್ರರಾಜನ ಶಾಸನದ ಒಂದು ಓದು

ಚಿಕ್ಕಬಳ್ಳಾಪುರದ ನೆತ್ತಿಯ ಮೇಲೆ ನಿಂತಿರುವ ನಂದಿಬೆಟ್ಟ ಗಂಗರಸರ ಬಿರುದಿನಲ್ಲಿ ಸ್ಥಿರವಾಗಿ ಉಳಿದಿದೆ. ಗಂಗರು ತಮ್ಮನ್ನು ಕುವಲಾಲಪುರವರೇಶ್ವರ, ನಂದಗಿರಿನಾಥ ಎಂದು ಕರೆದುಕೊಂಡರು. ಮೊದಲನೆಯದು ಕೋಲಾರ, ಎರಡನೆಯದು ಇದೇ ನಂದಿ. ನಂದಿಗೆ ಹತ್ತಿರದ ಗೋಪಿನಾಥ ಬೆಟ್ಟದ ಪ್ರಾಚೀನ ಶಾಸನವೊಂದು ಅಲ್ಲಿದ್ದ ಜಿನಚೈತ್ಯವನ್ನು ಕೊಂಡಾಡುತ್ತದೆ. ಅತ್ತ ಗೌರಿಬಿದನೂರು, ಇತ್ತ ಶಿಡ್ಲಘಟ್ಟ, ಚಿಂತಾಮಣಿಗಳವರೆಗೆ ಹಬ್ಬಿದ ಈ ಬಯಲು ವೀರಗಲ್ಲುಗಳ ನಾಡು. ಕನ್ನಡನಾಡಿನ ವೀರಗಲ್ಲುಗಳಲ್ಲಿ ಕುದುರೆಯೇರಿದ ವೀರ ಪರಿಚಿತ ಚಿತ್ರ. ಅಲ್ಲಿ ಕುದುರೆ ಯುದ್ಧದ ಸಾಧನ, ಸವಾರನು ಮಡಿದವನು. ಆದರೆ ನಂದಗಿರಿನಾಥರ ಮನೆಯ ಮೊಮ್ಮಗನೊಬ್ಬನ ಸ್ಮಾರಕದಲ್ಲಿ ಕುದುರೆ ಸವಾರಿಗೆ ಬೇರೆಯೇ ಅರ್ಥ ದೊರೆತಿದೆ. ಅವನೇ ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ವಡಿ ಇಂದ್ರರಾಜ.

ಇಂದ್ರರಾಜ ಮುಮ್ಮಡಿ ಕೃಷ್ಣನ ಮೊಮ್ಮಗ. ತಾಯಿಯ ಕಡೆಯಿಂದ ಗಂಗಗಾಂಗೇಯನೆಂಬ ಬಿರುದಿನ ಬೂತುಗನ ಮಗಳ ಮಗ. ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನು ಕರ್ಕನನ್ನು ಸೋಲಿಸಿದಾಗ ಮಾನ್ಯಖೇಟದ ಪ್ರಭುತ್ವ ಕುಸಿಯಿತು. ಸೋದರಮಾವನಾದ ಗಂಗ ಮಾರಸಿಂಹ ಇಂದ್ರನಿಗೆ ಪಟ್ಟಕಟ್ಟಿ ಕಳೆದುದನ್ನು ಉಳಿಸಲು ಯತ್ನಿಸಿದ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನ ಆ ಪಟ್ಟಾಭಿಷೇಕವನ್ನು ಸ್ಮರಿಸುತ್ತದೆ. ಯತ್ನ ಫಲಿಸಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ತ್ಯಜಿಸಿದ. ಶಕವರ್ಷ 904, ಎಂದರೆ ಕ್ರಿ.ಶ. 982ರಲ್ಲಿ, ಇಂದ್ರರಾಜನೂ ಶ್ರವಣಬೆಳಗೊಳದಲ್ಲಿ ಅದೇ ಹಾದಿ ಹಿಡಿದ.

ಅವನ ನಿಧನವನ್ನು ದಾಖಲಿಸಿರುವ ಕಂಬ ಚಂದ್ರಗಿರಿಯ ಗಂಧವಾರಣ ಬಸದಿಯ ಬಳಿ ಇದೆ. ರಟ್ಟಕಂದರ್ಪ, ರಾಜಮಾರ್ತಂಡ ಮೊದಲಾದ ಬಿರುದುಗಳೊಡನೆ ಶೌರ್ಯ, ಸತ್ಯ, ತ್ಯಾಗಗಳ ಹೊಗಳಿಕೆ ಅಲ್ಲಿದೆ. ಅದು ಪ್ರಶಸ್ತಿಗಳ ರೂಢಿ. ರೂಢಿಯನ್ನು ಮೀರಿದ ಸಂಗತಿ ಬೇರೊಂದಿದೆ. ಶಾಸನಕವಿ ಗಣನೀಯ ಸಂಖ್ಯೆಯ ಪದ್ಯಗಳನ್ನು ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟದಲ್ಲಿ ಇಂದ್ರನಿಗಿದ್ದ ನೈಪುಣ್ಯಕ್ಕೆ ಮೀಸಲಿಟ್ಟಿದ್ದಾನೆ. ಚೆಂಡಿಗೆ ಅಲ್ಲಿ ಬಳಕೆಯಾಗಿರುವ ಮಾತು 'ಗಿರಿಗೆ'. ಒಳಸುತ್ತು, ಹೊರಸುತ್ತು, ಬಲಬದಿ, ಎಡಬದಿ ಎಂಬ ವಿಂಗಡಣೆಯೂ, ಸುಕರ, ದುಷ್ಕರ, ವಿಷಮ ಎಂಬ ಶ್ರೇಣಿಯೂ ಅಲ್ಲಿ ಬರುತ್ತವೆ. ಇದು ಬರಿಯ ಹೊಗಳಿಕೆಯ ಭಾಷೆಯಲ್ಲ, ಆಟವನ್ನು ಬಲ್ಲವರ ಪರಿಭಾಷೆ.

ಆಟದ ಸ್ವರೂಪವನ್ನು ಅರಿಯಲು ಹನ್ನೆರಡನೆಯ ಶತಮಾನದ ಕೃತಿಯೊಂದು ನೆರವಾಗುತ್ತದೆ. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನ ಆಳ್ವಿಕೆಯಲ್ಲಿ (1127–1138) ಸಿದ್ಧವಾದ ಸಂಸ್ಕೃತ 'ಮಾನಸೋಲ್ಲಾಸ' ಅರಸರ ವಿನೋದಗಳಲ್ಲಿ ವಾಜಿವಾಹ್ಯಾಲಿಯನ್ನು ವಿವರಿಸುತ್ತದೆ. ಸಮತಟ್ಟಾದ ಬಯಲು, ತೋರಣಗಳು, ಎರಡು ಪಕ್ಷಗಳ ಸವಾರರು, ಕೈಯಲ್ಲಿ ಬಾಗಿದ ಕೋಲು: ಇಂದಿನ ಪೋಲೋ ಆಟವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಈ ವಾಹ್ಯಾಲಿಯೇ ಕನ್ನಡದಲ್ಲಿ ವೈಹಾಳಿ, ವಯ್ಯಾಳಿ ಎಂಬ ರೂಪಗಳನ್ನು ತಾಳಿ ಕಾವ್ಯಗಳಲ್ಲಿಯೂ ದೇವಾಲಯದ ಉತ್ಸವಗಳ ಹೆಸರಿನಲ್ಲಿಯೂ ಉಳಿದುಬಂದಿತು.

ಈ ಆಟದಲ್ಲಿ ಕುದುರೆಯ ವೇಗ, ಸವಾರನ ಆಸನ, ಕೋಲಿನ ಬೀಸು ಮೂರೂ ಒಂದೇ ಕ್ಷಣದಲ್ಲಿ ಕೂಡಬೇಕು. ಒಂದು ತಪ್ಪಿದರೂ ಚೆಂಡು ಕೈತಪ್ಪುತ್ತದೆ, ಕೆಲವೊಮ್ಮೆ ಸವಾರನೂ ನೆಲಕ್ಕೆ ಬೀಳುತ್ತಾನೆ. ಕುದುರೆ ಸ್ವಭಾವತಃ ಅಂಜುವ ಪ್ರಾಣಿ. ಅಪಾಯ ಕಂಡರೆ ಎದುರಿಸುವುದಕ್ಕಿಂತ ಓಡುವುದು ಅದರ ಜಾಯಮಾನ. ಬೆನ್ನ ಮೇಲಿರುವವನ ತೊಡೆ ಬಿಗಿದರೆ, ಲಗಾಮು ಹಿಡಿದ ಕೈ ನಡುಗಿದರೆ ಅದು ಕೂಡಲೇ ಗ್ರಹಿಸುತ್ತದೆ. ಸವಾರನ ಭಯ ಕುದುರೆಗೆ ದಾಟುತ್ತದೆ, ಬೆದರಿದ ಕುದುರೆ ಆ ಭಯವನ್ನು ಇಮ್ಮಡಿಯಾಗಿ ಹಿಂದಿರುಗಿಸುತ್ತದೆ. ಆದ್ದರಿಂದ ಒಮ್ಮೆ ಬಿದ್ದವನು ಬರಿಯ ಧೈರ್ಯದಿಂದ ಹಿಂದಿನ ವೇಗವನ್ನು ಮರಳಿ ಪಡೆಯಲಾರ. ಅವನು ಮತ್ತೆ ನಡಿಗೆಯಿಂದ ತೊಡಗಬೇಕು, ವಿಶಾಲವಾದ ಸುತ್ತಿನಿಂದ ಕಿರಿದಾದ ಸುತ್ತಿಗೆ, ಒಲಿದ ಬದಿಯಿಂದ ಒಲಿಯದ ಬದಿಗೆ ಸಾಗಬೇಕು. ಶಾಸನದ ಸುಕರ, ದುಷ್ಕರ, ವಿಷಮ ಎಂಬ ಶ್ರೇಣಿಯನ್ನು ಈ ಬೆಳಕಿನಲ್ಲಿ ಓದಿದರೆ ಅದು ಆಟದ ವರ್ಗೀಕರಣವಷ್ಟೇ ಆಗಿ ಉಳಿಯದೆ ಕಲಿಕೆಯ ಮೆಟ್ಟಿಲಾಗಿಯೂ ಕಾಣುತ್ತದೆ.

ಕುದುರೆಯನ್ನು ಅರಿಯುವ ಈ ವಿದ್ಯೆ ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೂ ಎಡೆಮಾಡಿತು. ಸುಮಾರು 1400ರ ಅಭಿನವಚಂದ್ರ ಅಶ್ವವೈದ್ಯವನ್ನು ಕುರಿತು ಬರೆದ. 1627ರಲ್ಲಿ ಪದ್ಮಣ ಪಂಡಿತ 'ಹಯಸಾರಸಮುಚ್ಚಯ'ವನ್ನು ರಚಿಸಿದ. ಇಬ್ಬರೂ ಜೈನರು. ಅಹಿಂಸಾವ್ರತದ ಪರಂಪರೆಯವರು ಪ್ರಾಣಿಗಳ ಚಿಕಿತ್ಸೆಗೆ ಒಲಿದುದು ಸಹಜವೇ. ಅದರ ಹಿಂದೆ ನಾಡಿನ ಅಗತ್ಯವೂ ಇತ್ತು. ಅರಬ್ ನಾಡುಗಳಿಂದ ಹಡಗಿನಲ್ಲಿ ಬರುತ್ತಿದ್ದ ಬೆಲೆಬಾಳುವ ಕುದುರೆಗಳು ದಕ್ಷಿಣದಲ್ಲಿ ಸರಿಯಾದ ಆರೈಕೆಯಿಲ್ಲದೆ ಸಾಯುತ್ತಿದ್ದುದನ್ನು ಹದಿಮೂರನೆಯ ಶತಮಾನದ ಕೊನೆಗೆ ಮಾರ್ಕೊ ಪೋಲೊ ಗಮನಿಸಿದ್ದ.

ಇನ್ನು ಮುಖ್ಯ ಪ್ರಶ್ನೆ. ಸಲ್ಲೇಖನದಿಂದ ಮುಡಿಪಿದ ಅರಸನ ಕಂಬದಲ್ಲಿ ಚೆಂಡಾಟಕ್ಕೇನು ಕೆಲಸ? ಮೇಲ್ನೋಟಕ್ಕೆ ಒಂದು ಭೋಗ, ಇನ್ನೊಂದು ತ್ಯಾಗ. ಆದರೆ ಭಾರತೀಯ ಚಿಂತನೆ ಕುದುರೆಯನ್ನೂ ಮನಸ್ಸನ್ನೂ ಬಹು ಹಿಂದಿನಿಂದಲೇ ಜೊತೆಗಿರಿಸಿದೆ. ಕಠೋಪನಿಷತ್ತು ಇಂದ್ರಿಯಗಳನ್ನು ಕುದುರೆಗಳೆನ್ನುತ್ತದೆ, ಮನಸ್ಸನ್ನು ಲಗಾಮೆನ್ನುತ್ತದೆ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನ ಸೂತ್ರದ ಇಪ್ಪತ್ತಮೂರನೆಯ ಅಧ್ಯಯನದಲ್ಲಿ ಕೇಶಿಯು ಗೌತಮನನ್ನು, ದುಷ್ಟಾಶ್ವವೇರಿದ ನೀನು ದಾರಿ ತಪ್ಪದಿರುವುದು ಹೇಗೆಂದು ಕೇಳುತ್ತಾನೆ. ಆ ಕುದುರೆ ಮನಸ್ಸು, ಅದನ್ನು ಶ್ರುತವೆಂಬ ಲಗಾಮಿನಿಂದ ಹಿಡಿದು ಧರ್ಮಶಿಕ್ಷೆಯಿಂದ ಪಳಗಿಸಿದ್ದೇನೆ ಎಂಬುದು ಗೌತಮನ ಉತ್ತರದ ಸಾರ. ಬೆಳಗೊಳದ ದಿಗಂಬರ ಪರಂಪರೆ ಆ ಗ್ರಂಥವನ್ನು ಆಗಮವಾಗಿ ಮನ್ನಿಸದಿದ್ದರೂ ಮನಸ್ಸನ್ನು ಪಳಗಿಸಬೇಕೆಂಬ ನಿಲುವು ಎರಡಕ್ಕೂ ಸಮಾನ.

ಸಲ್ಲೇಖನವೂ ಒಂದೇ ನೆಗೆತದಲ್ಲಿ ನಡೆಯುವ ಸಾಹಸವಲ್ಲ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಅದರ ಕ್ರಮವನ್ನು ಹೇಳುತ್ತದೆ: ಮೊದಲು ಆಹಾರವನ್ನು ಬಿಟ್ಟು ಸ್ನಿಗ್ಧ ಪಾನೀಯಕ್ಕೆ, ಅದನ್ನು ಬಿಟ್ಟು ಬಿಸಿನೀರಿಗೆ, ಕೊನೆಗೆ ಅದನ್ನೂ ತೊರೆದು ಉಪವಾಸಕ್ಕೆ. ಇಲ್ಲಿಯೂ ಸುಕರದಿಂದ ದುಷ್ಕರಕ್ಕೆ ಏರುವ ಮೆಟ್ಟಿಲುಗಳಿವೆ. ಆತುರವೂ ಅಂಜಿಕೆಯೂ ಇಲ್ಲಿ ಸಮಾನ ದೋಷಗಳು. ಶಾಸನಕವಿ ಈ ಹೋಲಿಕೆಯನ್ನು ಬಿಡಿಸಿ ಹೇಳಿಲ್ಲ. ಆದರೆ ವಿಷಮ ಸುತ್ತಿನಲ್ಲಿ ಕುದುರೆಯನ್ನು ತಡೆದು ತಿರುಗಿಸಬಲ್ಲವನ ಚಿತ್ರವನ್ನು ಅಂತಿಮ ವ್ರತದ ದಾಖಲೆಯ ಪಕ್ಕದಲ್ಲಿಯೇ ಇರಿಸಿದ್ದಾನೆ. ಆ ನೆರೆಹೊರೆಗೆ ಅರ್ಥವಿದೆಯೆಂದು ಭಾವಿಸಬಹುದು.

ಮಾನ್ಯಖೇಟವನ್ನು ಕಳೆದುಕೊಂಡವನಿಗೆ ಪಟ್ಟ ಮರಳಲಿಲ್ಲ. ಪಟ್ಟ ಪರರ ಕೈಯಲ್ಲಿರುವಂಥದು. ಹಿಡಿತ ಅಭ್ಯಾಸದಿಂದ ತನ್ನದಾಗುವಂಥದು. ಇಂದ್ರರಾಜನ ಕಂಬ ಎರಡನೆಯದನ್ನೇ ಎತ್ತಿ ಹಿಡಿಯಿತು. ಶಾಸನಗಳಲ್ಲಿ ಗೆಲವು ಸೋಲುಗಳನ್ನಷ್ಟೇ ಹುಡುಕುವವರು ಈ ಪದ್ಯಗಳನ್ನು ವಿನೋದದ ವರ್ಣನೆಯೆಂದು ದಾಟಿಹೋಗುವುದುಂಟು. ಸಾಹಿತ್ಯದ ವಿದ್ಯಾರ್ಥಿಗಳು ಅಲ್ಲಿ ಒಂದಿಷ್ಟು ನಿಲ್ಲಬೇಕು. ಸಾಮ್ರಾಜ್ಯ ಮುಳುಗಿದ ಒಂಬತ್ತು ವರ್ಷಗಳ ಮೇಲೆ ಅದರ ಕೊನೆಯ ವಾರಸುದಾರನನ್ನು ಕನ್ನಡ ಕವಿಯೊಬ್ಬ ನೆನೆದುದು ಸೋತ ಅರಸನೆಂದಲ್ಲ, ಆಸನ ಕದಲದ ಸವಾರನೆಂದು.