ಚುರುಕಿದ್ದೂ ಕೂರಲಾಗದ ಮಕ್ಕಳು: ಎರಡು ಬಾಗಿಲುಗಳ ನಡುವಿನ ಕಥೆ

“ಮಾಣಿ ಭಾರಿ ಚುರ್ಕ್, ಆರೆ ಒಂದ್ ಕಡಿ ಕೂಕಂಬುದಿಲ್ಲ.” ಬೈಂದೂರಿನಿಂದ ಬ್ರಹ್ಮಾವರದವರೆಗೆ ಶಾಲೆಗಳ ಪೋಷಕರ ಸಭೆಯಲ್ಲಿ ಇಂಥ ಮಾತು ಹೊಸತಲ್ಲ. ಲೆಕ್ಕವನ್ನು ಬಾಯಲ್ಲೇ ಬಿಡಿಸುವ ಹುಡುಗ ಹಾಳೆಯಲ್ಲಿ ಅರ್ಧಕ್ಕೇ ನಿಲ್ಲಿಸುತ್ತಾನೆ. ಆಟ ನೋಡಿ ಬಂದು ಭಾಗವತರ ಪದ ಹಾಗೆಯೇ ಹಾಡುತ್ತಾನೆ, ಹೋಂವರ್ಕ್ ಮಾತ್ರ ನೆನಪಿಲ್ಲ. ಇದಕ್ಕೆ ನಾವಿಟ್ಟ ಹೆಸರು ‘ಲೂಟಿ’, ‘ಉದಾಸೀನ’. ಸದ್ದಿಲ್ಲದೆ ಕಿಟಕಿ ನೋಡುತ್ತ ಕೂರುವ ಹೆಣ್ಣುಮಕ್ಕಳಿಗಂತೂ ಯಾವ ಹೆಸರೂ ಇಲ್ಲ, ಅವರು ಲೆಕ್ಕಕ್ಕೇ ಬರುವುದಿಲ್ಲ.

1902ರಲ್ಲಿ ಲಂಡನ್‌ನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿದಿಡಲಾಗದ ಮಕ್ಕಳಿದ್ದಾರೆ ಎಂದರು. ಆದರೆ ಅದನ್ನು ‘ನೈತಿಕ ಹಿಡಿತದ ದೋಷ’ ಎಂದು ಕರೆದರು. ಅದೇ ವರ್ಷ ನಮ್ಮ ಕೋಟದಲ್ಲಿ ಶಿವರಾಮ ಕಾರಂತರು ಹುಟ್ಟಿದರು. ಮಕ್ಕಳು ಬರೀ ಕೂತು ಕಲಿಯಬೇಕಿಲ್ಲ, ಆಡಿ ಕುಣಿದೂ ಕಲಿಯಬಹುದು ಎಂದು ಮುಂದೆ ಪುತ್ತೂರಿನ ಬಾಲವನದಲ್ಲಿ ಮಾಡಿ ತೋರಿಸಿದವರು ಅವರು. (ಕಾರಂತರಿಗೇ ಈ ತೊಂದರೆ ಇತ್ತು ಎನ್ನುತ್ತಿಲ್ಲ, ವಾಟ್ಸಾಪಿನಲ್ಲಿ ಹಾಗೆ ಹಾಕಬೇಡಿ!) ‘ಗಮನದ ಕೊರತೆ’ ಎಂಬ ಹೆಸರು ಅಮೆರಿಕದ ಮನೋವೈದ್ಯರ ಪಟ್ಟಿಗೆ ಬಂದದ್ದು 1980ರಲ್ಲಿ, ಎಡಿಎಚ್‌ಡಿ ಎಂದಾದದ್ದು 1987ರಲ್ಲಿ.

ನಮ್ಮ ದೇಶ ಈ ನಡುವೆ ಎರಡು ಬಾಗಿಲು ತೆರೆದಿತ್ತು. ಒಂದು ಜಾಣರಿಗೆ: 1963ರಲ್ಲಿ ರಾಷ್ಟ್ರೀಯ ಪ್ರತಿಭಾ ಶೋಧ, 1986ರ ಶಿಕ್ಷಣ ನೀತಿಯಿಂದ ಹಳ್ಳಿಯ ಪ್ರತಿಭಾವಂತರಿಗೆ ನವೋದಯ ಶಾಲೆ. ನಮ್ಮ ಜಿಲ್ಲೆಯದು ಚೇರ್ಕಾಡಿಯಲ್ಲಿದೆ. ಇನ್ನೊಂದು ಅಂಗವಿಕಲ ಮಕ್ಕಳಿಗೆ: 1974ರ ಸಮನ್ವಯ ಶಿಕ್ಷಣ ಯೋಜನೆ, 1995ರ ಕಾಯ್ದೆ. ಆ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಕಲಿಕಾ ನ್ಯೂನತೆ ಅದರಲ್ಲಿ ಇರಲಿಲ್ಲ. ಜಾಣನೂ ಹೌದು, ಗಮನವೂ ನಿಲ್ಲದು ಎನ್ನುವ ಮಗು ಎಲ್ಲಿಗೆ ಹೋಗಬೇಕು? ನವೋದಯದ ಪ್ರವೇಶ ಪರೀಕ್ಷೆಗೆ ಎರಡು ಗಂಟೆ ಅಲುಗದೆ ಕೂರಬೇಕು. ಇತ್ತ ‘ಅಂಕ ಬರುತ್ತದಲ್ಲ, ಇವನಿಗೇನು ತೊಂದರೆ’ ಎನ್ನುತ್ತಾರೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು. ಓದು, ಬರಹ, ಲೆಕ್ಕದ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಸೇರಿತು. ಎಡಿಎಚ್‌ಡಿ ಹೆಸರು ಬರಲಿಲ್ಲ. ವಿಚಿತ್ರ ನೋಡಿ: 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳನ್ನು ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಿದೆ, ಅದರಲ್ಲಿ ಎಡಿಎಚ್‌ಡಿ ಇದೆ. ಆರೋಗ್ಯ ಇಲಾಖೆ ಗುರುತಿಸಬೇಕಾದದ್ದನ್ನು ವಿಕಲಚೇತನರ ಕಾಯ್ದೆ ಹೆಸರಿಸುವುದಿಲ್ಲ. ನನ್ನ ಪ್ರಕಾರ ಈ ಕಥೆಯ ಗಂಟು ಇಲ್ಲೇ ಇದೆ.

ಹಾಗೆಂದು ದಾರಿಯೇ ಇಲ್ಲ ಅಂತಲ್ಲ. ಗಮನದ ತೊಂದರೆಯಿರುವ ಎಷ್ಟೋ ಮಕ್ಕಳಿಗೆ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಪರೀಕ್ಷೆ ಮಾಡಿಸುವಾಗ ಎರಡನ್ನೂ ನೋಡಿ ಎಂದು ಕೇಳಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿಗೆ 2016ರ ಕಾಯ್ದೆಯಲ್ಲೇ ಅವಕಾಶವಿದೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಓಡಾಡುವುದಕ್ಕಿಂತ ಐದನೇ, ಆರನೇ ತರಗತಿಯಲ್ಲೇ ಶುರುಮಾಡುವುದು ಲೇಸು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಬೇರೆ ಬೇರೆ ಶೈಕ್ಷಣಿಕ ವಲಯಗಳು. ನಿಮ್ಮ ವಲಯದ ಬಿಆರ್‌ಸಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿಐಇಆರ್‌ಟಿಯವರನ್ನು ವಿಚಾರಿಸಿ. ಮುಖ್ಯಶಿಕ್ಷಕರಿಗೆ ಬಾಯಿಮಾತಲ್ಲಿ ಹೇಳಿ ಸುಮ್ಮನಾಗದೆ ಒಂದು ಅರ್ಜಿ ಬರೆದುಕೊಡಿ, ನಕಲು ಇಟ್ಟುಕೊಳ್ಳಿ. ಮೊದಲ ಬೆಂಚು, ಉದ್ದದ ಕೆಲಸವನ್ನು ತುಂಡು ಮಾಡಿ ಕೊಡುವುದು, ನಡುವೆ ಎದ್ದು ಬೋರ್ಡ್ ಒರೆಸಲು ಬಿಡುವುದು: ಇವಕ್ಕೆ ಯಾವ ಪ್ರಮಾಣಪತ್ರವೂ ಬೇಡ.

ಹೊಡೆಯುವುದು, ಹಂಗಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಅದಕ್ಕೂ ಪ್ರಮಾಣಪತ್ರ ಬೇಕಿಲ್ಲ.