ಒಂದು ಸೀಸೆಯ ಕಳಂಕ

ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗ್ ಮಾರಮ್ಮನ ಗುಡಿಗಳಿವೆ. 1898ರಲ್ಲಿ ಆ ಮಾರಿ ಊರನ್ನು ಹೊಕ್ಕಾಗ ಜನ ಮನೆಮಠ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಹಿರಿಯರು ಹೇಳುತ್ತಿದ್ದುದುಂಟು. ಅಮ್ಮನ ಹೆಸರು ಉಳಿಯಿತು. ಆ ರೋಗಕ್ಕೆ ಚುಚ್ಚುಮದ್ದು ಸಿದ್ಧಪಡಿಸಿದ ವಾಲ್ಡೆಮಾರ್ ಹಾಫ್‌ಕಿನ್ ಎಂಬಾತನ ಹೆಸರು ಮಾತ್ರ ನಮ್ಮ ನಾಲಗೆಯ ಮೇಲೆ ನಿಲ್ಲಲಿಲ್ಲ. ನಾನು ಕನ್ನಡ ಪಾಠ ಹೇಳುವವನು. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಈತನ ಚರಿತ್ರೆಯಲ್ಲಿ ವಿಜ್ಞಾನಿಗಳಲ್ಲದವರೂ ಯೋಚಿಸಬೇಕಾದ ಪ್ರಶ್ನೆಯೊಂದಿದೆ: ಮದ್ದಿನ ಮೇಲೆ ಅಪವಾದ ಬಂದಾಗ ಅದನ್ನು ವಿಚಾರಿಸುವ ಬಗೆ ಯಾವುದು?

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ. ಜೀವವಿಜ್ಞಾನಿ ಮೆಚ್ನಿಕಾಫನ ಶಿಷ್ಯ. ಯಹೂದಿಯಾದುದರಿಂದ ಅಲ್ಲಿ ಪ್ರಾಧ್ಯಾಪಕನಾಗುವ ದಾರಿ ಮುಚ್ಚಿತ್ತು. ಮತ ಬದಲಿಸಿದ್ದರೆ ತೆರೆಯುತ್ತಿತ್ತು, ಆತ ಬದಲಿಸಲಿಲ್ಲ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ 1889ರಲ್ಲಿ ಮೊದಲು ದೊರೆತದ್ದು ಪುಸ್ತಕ ಭಂಡಾರದ ಸಹಾಯಕನ ಕೆಲಸ. ಬಿಡುವಿನಲ್ಲಿ ಪ್ರಯೋಗಶಾಲೆಗೆ ಹೋಗಿ ಕಾಲರಾ ರೋಗಾಣುಗಳ ಬೆನ್ನು ಹತ್ತಿದ. 1892ರ ಜುಲೈ 18ರಂದು ತನ್ನ ಕಾಲರಾ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ.

ಮರುವರ್ಷ ಕಲ್ಕತ್ತೆಗೆ ಬಂದ. ವೈದ್ಯನಲ್ಲದ ಈ ಪರದೇಶಿಯನ್ನು ಸರಕಾರಿ ವೈದ್ಯರು ನಂಬಲಿಲ್ಲ, ಜನರೂ ಅಂಜಿದರು. 1894ರಲ್ಲಿ ಕಟ್ಟಲ್ ಬಾಗಾನ್ ಎಂಬ ಕೊಳೆಗೇರಿಯಲ್ಲಿ ಸುಮಾರು 200 ಜನರ ಪೈಕಿ 116 ಮಂದಿ ಚುಚ್ಚಿಸಿಕೊಂಡರು. ಆಮೇಲೆ ಅಲ್ಲಿ ಕಾಲರಾ ತಗಲಿದ್ದು 10 ಮಂದಿಗೆ, ಸತ್ತವರು 7. ಹತ್ತು ಮಂದಿಯೂ ಚುಚ್ಚಿಸಿಕೊಳ್ಳದವರೇ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಸರಕಾರ ಆತನನ್ನು ಅಲ್ಲಿಗೆ ಕರೆಸಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ, ಒಂದು ಪಡಸಾಲೆ, ಇಷ್ಟೇ ಆತನ ಪ್ರಯೋಗಶಾಲೆ. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ರೋಗಾಣುಗಳು ಅವಕ್ಕೆ ಜೋತುಬಿದ್ದು ಹುಲುಸಾಗಿ ಬೆಳೆಯುತ್ತಿದ್ದವು. ನಮ್ಮ ಅಡಿಗೆಮನೆಯ ತುಪ್ಪ ಹೀಗೂ ಉಪಯೋಗಕ್ಕೆ ಬಂದಿತು! ಬೆಳೆದ ರೋಗಾಣುಗಳನ್ನು ಕಾಯಿಸಿ ಕೊಂದು ಲಸಿಕೆ ಮಾಡುವುದು ಆತನ ಕ್ರಮ. ಸತ್ತ ಶತ್ರುವಿನ ಗುರುತನ್ನು ಮೈಗೆ ಹಿಡಿಸಿಟ್ಟರೆ ಜೀವಂತ ಶತ್ರು ಬಂದಾಗ ಮೈ ಮೋಸಹೋಗದು. 1897ರ ಜನವರಿ 10ರಂದು ಇದನ್ನೂ ಮೊದಲು ತಾನೇ ಚುಚ್ಚಿಕೊಂಡ. ಅದೇ ತಿಂಗಳು ಬೈಕುಲಾ ಜೈಲಿನಲ್ಲಿ ಪರೀಕ್ಷೆ ನಡೆಯಿತು. ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗು ಬಂದು 6 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ಬಂದಿತು, ಒಬ್ಬರೂ ಸಾಯಲಿಲ್ಲ. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನ ಈ ಮದ್ದಿಗೆ ತೋಳೊಡ್ಡಿದರು.

ಇಷ್ಟರಲ್ಲಿ ಸಿಡಿಲೆರಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಈಗ ಅದು ಪಾಕಿಸ್ತಾನದಲ್ಲಿದೆ) 107 ಜನರಿಗೆ ಪ್ಲೇಗಿನ ಮದ್ದು ಚುಚ್ಚಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಗೂ ಮದ್ದು ಬಂದದ್ದು ಒಂದೇ ಸೀಸೆಯಿಂದ. ಆ ಸೀಸೆ ಹಾಫ್‌ಕಿನನ ಪರೇಲ್ ಪ್ರಯೋಗಶಾಲೆಯಲ್ಲಿ ತುಂಬಿದ್ದು. ಬೇಗ ಬೇಗ ಹೆಚ್ಚು ಮದ್ದು ಒದಗಿಸುವುದಕ್ಕಾಗಿ ಆತ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಬಿಟ್ಟು, ಕಾಯಿಸುವುದನ್ನೇ ನೆಚ್ಚಿದ್ದ. ವಿಚಾರಣಾ ಸಮಿತಿಗೆ ಇದೇ ಅಪರಾಧವಾಗಿ ಕಂಡಿತು. ಆತ ಕೆಲಸದಿಂದ ದೂರವಾದ.

ಆದರೆ ವಿಚಾರಣೆಯ ಕಡತದಲ್ಲಿಯೇ ಮತ್ತೊಂದು ಸಂಗತಿಯಿತ್ತು. ಮುಲ್ಕೋವಾಲಿನಲ್ಲಿ ಆ ಸೀಸೆಯ ಬಿರಡೆ ತೆಗೆಯುವಾಗ ಇಕ್ಕಳ ಕೈಜಾರಿ ನೆಲಕ್ಕೆ ಬಿದ್ದಿತ್ತು. ಅದನ್ನು ಚೆನ್ನಾಗಿ ಶುದ್ಧಿಮಾಡದೆ ಮತ್ತೆ ಬಳಸಿದ್ದರು. ಧನುರ್ವಾಯುವಿನ ಬೀಜ ಇರುವುದೇ ಮಣ್ಣಿನಲ್ಲಿ. ಪರೇಲಿನಲ್ಲಿಯೇ ಅದು ಸೀಸೆಯೊಳಗೆ ಸೇರಿದ್ದರೆ ಅಷ್ಟು ದಿನಗಳಲ್ಲಿ ಬೆಳೆದು, ತೆರೆದೊಡನೆ ದುರ್ವಾಸನೆ ಹೊಡೆಯಬೇಕಿತ್ತು. ತೆರೆದವರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ಈ ಸರಳ ತರ್ಕ ಒಪ್ಪಿಗೆಯಾಗಲು ಐದು ವರ್ಷ ಹಿಡಿಯಿತು. ಮಲೇರಿಯಾ ಸಂಶೋಧಕ ರಾನಾಲ್ಡ್ ರಾಸ್ ಮೊದಲಾದವರು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಆತನ ಪರ ನಿಂತರು, ಕಳಂಕ ತೊಳೆಯಿತು. ಹಾಫ್‌ಕಿನ್ ಕಲ್ಕತ್ತೆಯಲ್ಲಿ ಮತ್ತೆ ಕೆಲಸಕ್ಕೆ ಸೇರಿದ. ಆದರೆ ಜನರ ಮೇಲೆ ಲಸಿಕೆ ಪರೀಕ್ಷಿಸುವ ಅಧಿಕಾರ ಮರಳಲಿಲ್ಲ. 1914ರಲ್ಲಿ ನಿವೃತ್ತನಾಗಿ ಹೊರಟುಹೋದ. 1930ರಲ್ಲಿ ಸ್ವಿಟ್ಸರ್ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡ. ಆ ಪರೇಲ್ ಪ್ರಯೋಗಶಾಲೆಗೆ 1925ರಲ್ಲಿಯೇ ಹಾಫ್‌ಕಿನ್ ಸಂಸ್ಥೆಯೆಂದು ಹೆಸರಿಟ್ಟಿದ್ದರು. ಆ ಹೆಸರು ಇಂದಿಗೂ ಇದೆ.

ಹತ್ತೊಂಬತ್ತು ಜೀವಗಳು ಸಣ್ಣ ಲೆಕ್ಕವಲ್ಲ. ಅವರ ಮನೆಯವರಿಗೆ ಸಲ್ಲಬೇಕಾಗಿದ್ದುದು ನಿಜವಾದ ಕಾರಣ. ದೊರೆತದ್ದು ಒಬ್ಬ ಅಪರಾಧಿ. ಇಬ್ಬರಿಗೂ ಅನ್ಯಾಯವಾಯಿತು. ಮದ್ದಿನ ವಿಷಯದಲ್ಲಿ ಕುರುಡು ನಂಬಿಕೆ ಸಲ್ಲದು, ಸಂಶಯ ಬೇಕು. ಆದರೆ ಸಂಶಯವೂ ಸಾಕ್ಷ್ಯವನ್ನು ಕೇಳಬೇಕು. ನೆಲಕ್ಕೆ ಬಿದ್ದ ಇಕ್ಕಳವನ್ನೂ ನೋಡಬೇಕು.